ಬರಹವೂ ಆಧಾರವೂ: ಕೊಪ್ಪಳ ಸೀಮೆಯ ದಾಖಲೆಗಳಲ್ಲಿ ದುರಸ್ತಿ ಹಾಗೂ ಮರುಬಳಕೆಯ ಪ್ರಶ್ನೆ

ಪ್ರಾಚೀನ ಕರ್ನಾಟಕದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಪದೇ ಪದೇ ಬರುತ್ತದೆ. ದೇವಾಲಯದ ಒಡೆದ, ಬಿರಿದ, ಸವೆದ ಭಾಗಗಳನ್ನು ಸರಿಪಡಿಸುವುದಕ್ಕಾಗಿ ಭೂಮಿಯನ್ನಾಗಲಿ ಸುಂಕವನ್ನಾಗಲಿ ಬಿಟ್ಟುಕೊಡಲಾಯಿತೆಂಬುದು ಅದರ ತಾತ್ಪರ್ಯ. ಗುಡಿಯ ಕಂಬ ಮುರಿದರೆ ಅದೇ ಅಳತೆಯ ಬೇರೊಂದು ಕಂಬವನ್ನು ನಿಲ್ಲಿಸಬಹುದು. ಗುಡಿ ಗುಡಿಯಾಗಿಯೇ ಉಳಿಯುತ್ತದೆ. ಆದರೆ ಆ ದಾನವನ್ನು ತಿಳಿಸುವ ಶಾಸನವೇ ಜೀರ್ಣವಾದರೆ ಅದಕ್ಕೆ ಇಂತಹ ಉದ್ಧಾರವಿಲ್ಲ. ಕಲ್ಲನ್ನು ಬದಲಾಯಿಸಬಹುದು, ಅಳಿದುಹೋದ ಹೆಸರನ್ನು ಬದಲಿ ಕಲ್ಲಿನಿಂದ ಪಡೆಯಲಾಗದು. ದಾಖಲೆಯಲ್ಲಿ ಬರಹವೆಂಬುದು ಒಂದು, ಬರಹವನ್ನು ಹೊತ್ತ ಆಧಾರವಸ್ತು ಮತ್ತೊಂದು. ಇವೆರಡರ ಯೋಗಕ್ಷೇಮ ಯಾವಾಗಲೂ ಒಂದೇ ಆಗಿರುವುದಿಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ಪ್ರತಿಪಾದಿಸಲು ಯತ್ನಿಸಿದ್ದೇವೆ.

ಈ ವಿಚಾರವನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ಶಾಸನಗಳ ಛಾಯಾಚಿತ್ರಗಳು, ಓಲೆಗರಿಗಳ ಪ್ರತಿಬಿಂಬಗಳು, ಹಿರಿಯರ ಬಾಯಿಂದ ಕೇಳಿ ಧ್ವನಿಮುದ್ರಿಸಿದ ಹಾಡುಗಳು, ಜಮೀನಿನ ಪಹಣಿಗಳು ಮೊದಲಾದುವೆಲ್ಲ ಇಂದು ಗಣಕಯಂತ್ರದ ಹಾರ್ಡ್ ಡಿಸ್ಕುಗಳಲ್ಲಿ ನೆಲೆಸಿವೆ. ಅಂತಹ ಡಿಸ್ಕು ಕೆಡಲಾರಂಭಿಸಿದಾಗ ಅದನ್ನು ದುರಸ್ತಿ ಮಾಡಬಹುದೆ, ಅಳಿಸಿ ಮತ್ತೆ ಬಳಸಬಹುದೆ ಎಂಬ ಪ್ರಶ್ನೆ ಏಳುತ್ತದೆ. ಇದು ಯಂತ್ರಜ್ಞರು ನೋಡಿಕೊಳ್ಳತಕ್ಕ ಮಾತೆಂದು ಇತಿಹಾಸದ ಅಧ್ಯಾಪಕರು ಸುಮ್ಮನಾಗುವುದುಂಟು. ನಮಗಾದರೋ ಇದು ಇತಿಹಾಸಕಾರನ ಪ್ರಶ್ನೆಯೂ ಹೌದೆಂದು ತೋರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಸೀಮೆಯಲ್ಲಿ 2200 ವರ್ಷಗಳಿಗೂ ಮಿಗಿಲಾದ ಬರಹದ ಪರಂಪರೆಯಿದೆ. ಇದೇ ಪ್ರಶ್ನೆ ಕಲ್ಲು, ಓಲೆ, ಬಟ್ಟೆ, ಕಾಗದಗಳ ಮೇಲೆ ಹಿಂದೆಯೂ ಎದ್ದಿದೆ. ಆ ಅನುಭವವನ್ನು ಮೊದಲು ಪರಿಶೀಲಿಸಿ, ಬಳಿಕ ಡಿಸ್ಕಿನ ವಿಷಯಕ್ಕೆ ಬರುವುದು ಉಚಿತ.

1. ಶಿಲೆ

ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಸಮೀಪದ ಪಾಲ್ಕಿಗುಂಡಿನ ಮೇಲೂ ಅಶೋಕನ ಕಿರುಶಿಲಾಶಾಸನಗಳಿವೆ. 1931ರಲ್ಲಿ ಕೊಪ್ಪಳದ ಎನ್. ಬಿ. ಶಾಸ್ತ್ರಿಯವರು ಇವನ್ನು ಬೆಳಕಿಗೆ ತಂದರು. ಮರುವರ್ಷ ಆರ್. ಎಲ್. ಟರ್ನರ್ ಅವರು ಸಂಪಾದಿಸಿದ ಪಾಠವು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯ 10ನೆಯ ಸಂಖ್ಯೆಯಾಗಿ ಪ್ರಕಟವಾಯಿತು. ಎರಡೂ ಒಂದೇ ಆಜ್ಞೆಯ ಪ್ರತಿಗಳು. ಗವಿಮಠದ ಶಾಸನ ಬಹುಮಟ್ಟಿಗೆ ಸುರಕ್ಷಿತವಾಗಿದೆ; ಪಾಲ್ಕಿಗುಂಡಿನದು ಗಾಳಿಮಳೆಗಳಿಗೆ ಸವೆದು ಅಲ್ಲಲ್ಲಿ ಕೆಲವು ಅಕ್ಷರಗಳಷ್ಟೇ ಓದಲು ದೊರೆಯುತ್ತವೆ. ಹೀಗಿದ್ದರೂ ಆ ಚದುರಿದ ಅಕ್ಷರಗಳು ಯಾವ ಆಜ್ಞೆಗೆ ಸೇರಿದುವೆಂಬುದರಲ್ಲಿ ಸಂದೇಹವಿಲ್ಲ. ಗವಿಮಠದಲ್ಲಿ, 1915ರಲ್ಲಿ ದೊರೆತ ಮಸ್ಕಿಯ ಶಾಸನದಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಆಜ್ಞೆ ಉಳಿದುಬಂದಿರುವುದೇ ಇದಕ್ಕೆ ಕಾರಣ. ಈ ಆಜ್ಞೆಯನ್ನು ಬೆಟ್ಟಗಳ ಮೇಲೂ ಕಂಬಗಳಿರುವೆಡೆ ಕಂಬಗಳ ಮೇಲೂ ಬರೆಯಿಸತಕ್ಕದ್ದೆಂದು ರೂಪನಾಥದ ಪ್ರತಿಯಲ್ಲಿ ವಿಧಿಸಿದೆ. ಪಾಲ್ಕಿಗುಂಡಿನ ಬಂಡೆಯನ್ನು ಯಾರೂ ದುರಸ್ತಿ ಮಾಡಲಿಲ್ಲ, ಮಾಡುವುದು ಶಕ್ಯವೂ ಇರಲಿಲ್ಲ. ಅದರ ಬರಹವನ್ನು ಕಾಪಾಡಿದ್ದು ಬೇರೆಡೆಯಲ್ಲಿದ್ದ ಪ್ರತಿಗಳು.

ಆಧಾರವಸ್ತುವಿನ ಮರುಬಳಕೆಗೂ ಇದೇ ಬೆಟ್ಟದಲ್ಲಿ ನಿದರ್ಶನವುಂಟು. ಅಶೋಕನ ಶಾಸನಕ್ಕೆ ಅನತಿದೂರದಲ್ಲಿ ಜೋಡಿ ಪಾದಗಳನ್ನು ಕೆತ್ತಿದ್ದು, ಅವು ಜಟಾಸಿಂಗನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯನೆಂಬವನು ಮಾಡಿಸಿದನೆಂದೂ ಹಳಗನ್ನಡ ಬರಹವೊಂದು ತಿಳಿಸುತ್ತದೆ. ಈ ಆಚಾರ್ಯರೇ ಸಂಸ್ಕೃತ ‘ವರಾಂಗಚರಿತ’ದ ಕರ್ತೃವೆಂದು ವಿದ್ವಾಂಸರು ಗುರುತಿಸಿದ್ದಾರೆ. ಮೌರ್ಯ ಚಕ್ರವರ್ತಿಯ ಬೆಟ್ಟ ಜೈನತೀರ್ಥವಾದ ಕೊಪಣಕ್ಕೂ ಬರಹದ ತಾಣವಾಯಿತು. ಹೊಸದನ್ನು ಬರೆಯಿಸಿದವನು ಹಳೆಯದನ್ನು ಅಳಿಸಲಿಲ್ಲ, ತೆರವಾಗಿದ್ದ ಎಡೆಯನ್ನು ಹಿಡಿದನು. ಆದುದರಿಂದ ಎರಡೂ ಉಳಿದುವು.

ಎಲ್ಲ ಶಿಲೆಗಳಿಗೂ ಇಂತಹ ಭಾಗ್ಯ ಒದಗಲಿಲ್ಲ. ಶಾಸನದ ಕಲ್ಲು ಬಾವಿಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಬಂಡೆಯಾಗಿ, ಗೋಡೆಯ ತಳಪಾಯವಾಗಿ ದೊರೆಯುವುದು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರೆಲ್ಲರಿಗೂ ಗೊತ್ತಿರುವ ಸಂಗತಿ. ಕಲ್ಲಿನ ದೃಷ್ಟಿಯಿಂದ ಅದು ಸಫಲವಾದ ಮರುಬಳಕೆ. ಬರಹದ ದೃಷ್ಟಿಯಿಂದ ಸರ್ವನಾಶ. ಇನ್ನು ಕೆಲವೆಡೆ ಭಕ್ತಿಯಿಂದಲೇ ಹಾನಿಯಾಗುತ್ತದೆ. ಮಸುಕಾದ ಅಕ್ಷರಗಳನ್ನು ಉಳಿಯಿಂದ ತಿದ್ದಿಸಿದಾಗ ಕಲ್ಲು ಹೊಸದಾಗಿ ಕಂಡರೂ ತಿದ್ದಿದವನ ಊಹೆ ಮೂಲಪಾಠದ ಸ್ಥಾನವನ್ನು ಆಕ್ರಮಿಸುತ್ತದೆ. ಆದಕಾರಣವೇ ಶಾಸನತಜ್ಞರು ಶಿಲೆಯನ್ನು ಕಂಡೊಡನೆ ಮೊದಲು ಪಡಿಯಚ್ಚನ್ನು ತೆಗೆಯುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು ಅಕ್ಷರದ ಕುಳಿಗಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತುವರು. ಓದುವುದು, ಚರ್ಚಿಸುವುದು, ಕಲ್ಲನ್ನು ಸಾಗಿಸುವುದು ಎಲ್ಲವೂ ಆಮೇಲೆ. ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿ 1935ರಲ್ಲಿ ಹೊರಬಂದ ಕೊಪ್ಪಳದ ಕನ್ನಡ ಶಾಸನಗಳ ಸಂಪುಟವೂ ಇಂತಹ ಕ್ರಮದ ಫಲವೇ ಆಗಿದೆ. ಈ ಅನುಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

2. ಓಲೆ ಮತ್ತು ಕಡತ

ಓಲೆಗರಿಯ ಆಯುಷ್ಯ ಕಲ್ಲಿನದಕ್ಕಿಂತ ಕಡಿಮೆ. ಹುಳು, ತೇವ, ಅಂಚಿನ ಮುರುಕು ಇವು ಅದರ ಸಹಜ ಶತ್ರುಗಳು. ಅದನ್ನು ಎಣ್ಣೆ ಸವರಿ ಕಾಪಾಡುವ ಪದ್ಧತಿಯಿದ್ದರೂ ಹಿಂದಿನವರು ಹೆಚ್ಚಾಗಿ ನಂಬಿದ್ದು ಪ್ರತಿಯನ್ನು. ಕೊಪ್ಪಳದ ಪಶ್ಚಿಮಕ್ಕಿರುವ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಇದನ್ನು ದಾನಶೀಲತೆಯ ಕುರುಹಾಗಿ ಹೊಗಳುವುದು ವಾಡಿಕೆ. ಗ್ರಂಥರಕ್ಷಣೆಯ ಉಪಾಯವಾಗಿಯೂ ಅದು ಅಷ್ಟೇ ಶ್ಲಾಘ್ಯವಾದುದು.

ನಮ್ಮ ವಿಷಯಕ್ಕೆ ಅತಿ ಸಮೀಪವಾದ ಹಳೆಯ ವಸ್ತು ಕಡತ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬೆರೆಸಿದ ಲೇಪವನ್ನು ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿ ಪುಸ್ತಕದಂತೆ ಇಡುತ್ತಿದ್ದರು. ಬರೆಯುವುದು ಬಳಪದಿಂದ. ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸತೊಡಗಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಕರ್ನಾಟಕದ ಇತಿಹಾಸಕ್ಕೆ ಒದಗಿಸಿರುವ ಸಾಮಗ್ರಿ ವಿಪುಲವಾದುದು. ಕಡತದ ವಿಶೇಷ ಗುಣವೇನೆಂದರೆ, ಬೇಡವಾದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಲೇಪ ಸವೆದರೆ ಬಟ್ಟೆಗೆ ಹೊಸ ಲೇಪವನ್ನು ಕೊಡಬಹುದು. ಲೆಕ್ಕಪತ್ರಗಳಿಗೆ ಇದಕ್ಕಿಂತ ಅನುಕೂಲವಾದುದಿಲ್ಲ. ಆದರೆ ಹೊಸ ಲೇಪವನ್ನು ಬಳಿದ ಕ್ಷಣವೇ ಅದರ ಅಡಿಯ ಬರಹ ಸತ್ತಂತೆ. ಕಡತದಲ್ಲಿ ದುರಸ್ತಿ ಎಂಬುದೂ ಅಳಿಸುವುದು ಎಂಬುದೂ ಒಂದೇ ಕ್ರಿಯೆ. ಆದುದರಿಂದ ಲೇಪಕ್ಕೆ ಮುನ್ನ ಬರಹವನ್ನು ಬೇರೆಡೆಗೆ ಇಳಿಸಿಕೊಂಡಿರಲೇಬೇಕು. ಬಟ್ಟೆಯ ಕಡತ ಮರೆಯಾದರೂ ಅದರ ಹೆಸರು ಕಚೇರಿಯ ಫೈಲಿಗೆ ಉಳಿಯಿತು. ಗಣಕಯಂತ್ರದೊಳಗಿನ ಫೈಲನ್ನೂ ಕನ್ನಡದಲ್ಲಿ ಈಗ ಕಡತವೆಂದೇ ಕರೆಯುತ್ತೇವೆ. ಹೆಸರಿನೊಡನೆ ಗುಣವೂ ಬಂದಿದೆಯೆಂಬುದು ಮುಂದೆ ವಿದಿತವಾಗುವುದು.

3. ಕಂದಾಯದ ದಾಖಲೆ

ಈ ನಾಲ್ಕು ತಾಲ್ಲೂಕುಗಳ ದಾಖಲೆಗಳು ಒಂದೇ ಹಾದಿಯಲ್ಲಿ ಬಂದವಲ್ಲ. ನಿಜಾಮರ ಆಳಿಕೆಯಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರಿಗೆ ಸೇರಿದ್ದುವು. ಕುಷ್ಟಗಿ ಮತ್ತು ಗಂಗಾವತಿ ಲಿಂಗಸುಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ರದ್ದಾದಾಗ ರಾಯಚೂರಿಗೆ ಸೇರಿದುವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಕೊನೆಗೊಂಡಿತು. 1949ರಲ್ಲಿ ಜಾಗೀರುಗಳು ರದ್ದಾದುವು. 1956ರ ನವೆಂಬರ್ 1ರಂದು ಈ ಸೀಮೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1998ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಯಿತು. ಒಡೆಯರು ಬದಲಾದಂತೆಲ್ಲ ಕಚೇರಿ, ಭಾಷೆ, ನಮೂನೆಗಳೂ ಬದಲಾದುವು. ಉರ್ದುವಿನ ದಫ್ತರದಿಂದ ಕನ್ನಡದ ಪಹಣಿಗೆ ಬರುವಾಗ ಪ್ರತಿಯೊಂದು ಹೆಸರೂ ಒಬ್ಬ ಗುಮಾಸ್ತನ ಕಣ್ಣು ಮತ್ತು ಕೈಗಳನ್ನು ದಾಟಿ ಬರಬೇಕಾಯಿತು. ಅಲ್ಲಿ ಬಿಟ್ಟುಹೋದುದನ್ನು ಮರಳಿ ಪಡೆಯಬೇಕಾದರೆ ಹಳೆಯ ಪುಸ್ತಕ ಉಳಿದಿರಬೇಕು.

ಇದು ಕೇವಲ ವಿದ್ವತ್ತಿನ ಮಾತಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯುವ ವೇಳೆಗೆ ನದಿಯ ಎರಡೂ ದಡಗಳ ಸುಮಾರು 90 ಗ್ರಾಮಗಳು ಮುಳುಗಡೆಯ ಪಾಲಾಗಿದ್ದುವು. ಊರೇ ಇಲ್ಲದ ಮೇಲೆ ಗಡಿಕಲ್ಲನ್ನು ತೋರಿಸಲಾಗದು, ನೆರೆಯವನ ಸಾಕ್ಷಿಯೂ ದೊರೆಯದು. ಅಂತಹ ರೈತನ ಮೊಮ್ಮಗನಿಗೆ ತನ್ನ ಮನೆತನ ಎಲ್ಲಿತ್ತೆಂಬುದನ್ನು ಹೇಳಬಲ್ಲದ್ದು ಕಾಗದವೊಂದೇ.

2001ರ ಸುಮಾರಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಿದ ‘ಭೂಮಿ’ ಯೋಜನೆ ಈ ಕಾಗದವನ್ನು ಗಣಕಯಂತ್ರಕ್ಕೆ ಏರಿಸಿತು. 177 ತಾಲ್ಲೂಕುಗಳಲ್ಲಿ 67 ಲಕ್ಷ ಭೂಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಹೀಗೆ ಗಣಕೀಕೃತವಾದುವು; ಆ ಬಳಿಕ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಉಳಿಯಲಿಲ್ಲ. ಮುಂದೆ 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆ ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಪತ್ರಗಳನ್ನು ಸ್ಕ್ಯಾನ್ ಮಾಡುವ ಕಾರ್ಯವನ್ನು ಕೈಗೊಂಡಿತು. ಸರ್ಕಾರದ ದತ್ತಾಂಶಕ್ಕೆ ಕೇಂದ್ರ ವ್ಯವಸ್ಥೆಯೂ ಪ್ರತಿಗಳೂ ಇರುತ್ತವೆ. ನಮ್ಮ ಆತಂಕವಿರುವುದು ಅಂತಹ ಏರ್ಪಾಡಿಲ್ಲದ ಕಡೆಗಳಲ್ಲಿ: ಕಾಲೇಜಿನ ಇತಿಹಾಸ ವಿಭಾಗ, ಮಠದ ಗ್ರಂಥಭಂಡಾರ, ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ಕೋಣೆ, ಊರಿನ ಛಾಯಾಚಿತ್ರದ ಅಂಗಡಿ. ನಾಳಿನ ಸ್ಥಳೀಯ ಇತಿಹಾಸದ ಸಾಮಗ್ರಿ ಇಂತಹ ಕಡೆ ಒಂದೇ ಒಂದು ಡಿಸ್ಕಿನಲ್ಲಿ ಇರುವುದು ಅಪರೂಪವಲ್ಲ.

4. ಡಿಸ್ಕಿನ ಸ್ವರೂಪ ಮತ್ತು ದೋಷಗಳು

ಕನ್ನಡನಾಡು ಒಂದಾದ 1956ರಲ್ಲಿಯೇ, ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಐ.ಬಿ.ಎಂ. ಸಂಸ್ಥೆ ಹಾರ್ಡ್ ಡಿಸ್ಕುಳ್ಳ ಮೊದಲ ಗಣಕವ್ಯವಸ್ಥೆಯಾದ ‘ರಾಮ್ಯಾಕ್’ ಅನ್ನು ಪ್ರಕಟಿಸಿತು. 24 ಅಂಗುಲ ವ್ಯಾಸದ 50 ತಟ್ಟೆಗಳಲ್ಲಿ ಸುಮಾರು 50 ಲಕ್ಷ ಅಕ್ಷರಗಳು ಅಡಕವಾಗುತ್ತಿದ್ದುವು. ಗಾತ್ರ ಕುಗ್ಗಿ ಸಾಮರ್ಥ್ಯ ಹಿಗ್ಗಿದರೂ ತತ್ತ್ವ ಇಂದಿಗೂ ಅದೇ. ಅಯಸ್ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಹೆಡ್ಡು ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಒಂದು ನ್ಯಾನೋಮೀಟರ್ ಎಂದರೆ ಒಂದು ಮಿಲಿಮೀಟರಿನ 10 ಲಕ್ಷದ ಒಂದು ಪಾಲು. ನಮ್ಮ ಬಯಲುಸೀಮೆಯ ಧೂಳಿನ ಒಂದು ಕಣವೂ ಈ ಅಂತರಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಡಿಸ್ಕಿನ ಮುಚ್ಚಳವನ್ನು ಕೋಣೆಯಲ್ಲಿ ಬಿಚ್ಚಕೂಡದೆಂಬುದಕ್ಕೆ ಇಷ್ಟು ಕಾರಣ ಸಾಕು.

ಡಿಸ್ಕು ಕೆಟ್ಟಿತೆಂಬ ದೂರಿನಲ್ಲಿ ನಾಲ್ಕು ಬಗೆಯ ದೋಷಗಳನ್ನು ವಿಂಗಡಿಸಬೇಕು. ಮೊದಲನೆಯದು ಡಿಸ್ಕಿನ ಹೊರಗಿನದು: ಸಡಿಲವಾದ ಕೇಬಲ್, ದುರ್ಬಲವಾದ ವಿದ್ಯುತ್ ಪೂರೈಕೆ, ಕೆಟ್ಟ ಹೊರಪೆಟ್ಟಿಗೆ. ಕೇಬಲನ್ನು ಬದಲಿಸಿದರೆ ಗುಣವಾಗುವ ಡಿಸ್ಕನ್ನು ತಿಪ್ಪೆಗೆ ಎಸೆದ ನಿದರ್ಶನಗಳು ಕಡಿಮೆಯಿಲ್ಲ. ಎರಡನೆಯದು ಸೂಚಿಯ ದೋಷ: ತಟ್ಟೆ ದೃಢವಾಗಿದ್ದು, ಯಾವ ಕಡತ ಎಲ್ಲಿದೆಯೆಂದು ಹೇಳುವ ಪಟ್ಟಿ ಮಾತ್ರ ಕೆಟ್ಟಿರುತ್ತದೆ. ವಿದ್ಯುತ್ತು ಹಠಾತ್ತನೆ ಹೋದಾಗ ಇದು ಸಂಭವಿಸುವುದುಂಟು. ಮೂರನೆಯದು ಮೇಲ್ಮೈಯ ದೋಷ: ಸೆಕ್ಟರ್ ಎಂಬ ಚಿಕ್ಕ ಚಿಕ್ಕ ಭಾಗಗಳು ಓದಲಾರದಂತಾಗುತ್ತವೆ. ನಾಲ್ಕನೆಯದು ಯಂತ್ರಾಂಗದ ದೋಷ: ಹೆಡ್ಡು, ಮೋಟಾರು ಅಥವಾ ವಿದ್ಯುತ್ ಫಲಕ ಕೆಟ್ಟಿರುತ್ತದೆ. ಕಟಕಟ ಸದ್ದು ಇದರ ಸಾಮಾನ್ಯ ಲಕ್ಷಣ. ಮೊದಲೆರಡರಲ್ಲಿ ಡಿಸ್ಕಿಗೆ ಭವಿಷ್ಯವಿದೆ, ನಾಲ್ಕನೆಯದರಲ್ಲಿ ಇಲ್ಲ. ವಿವೇಚನೆ ಬೇಕಾದುದು ಮೂರನೆಯದರಲ್ಲಿ.

ತನ್ನ ದೋಷಗಳ ಲೆಕ್ಕವನ್ನು ಡಿಸ್ಕು ತಾನೇ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ‘ಸ್ಮಾರ್ಟ್’ ವ್ಯವಸ್ಥೆಯೆಂದು ಹೆಸರು. ಉಚಿತವಾದ ತಂತ್ರಾಂಶಗಳಿಂದ ಇದನ್ನು ಓದಬಹುದು. ಇದರಲ್ಲಿ ಎರಡು ಅಂಕಿಗಳು ಮುಖ್ಯ. ಕೆಟ್ಟ ಸೆಕ್ಟರಿನ ಬದಲು ಕಾಯ್ದಿಟ್ಟ ಸೆಕ್ಟರನ್ನು ಬಳಕೆಗೆ ತಂದ ಲೆಕ್ಕ ಒಂದು. ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳ ಲೆಕ್ಕ ಮತ್ತೊಂದು. ಕಾದಿರುವ ಸೆಕ್ಟರಿನ ಮೇಲೆ ಹೊಸದನ್ನು ಬರೆದಾಗ ಮಾತ್ರ ಡಿಸ್ಕು ತೀರ್ಮಾನಿಸುತ್ತದೆ: ಬರಹ ನಿಂತರೆ ಸೆಕ್ಟರನ್ನು ಉಳಿಸಿಕೊಳ್ಳುತ್ತದೆ, ನಿಲ್ಲದಿದ್ದರೆ ಬದಲಿಯನ್ನು ಹಾಕುತ್ತದೆ. ಎರಡೂ ಪಕ್ಷದಲ್ಲಿ ಹಳೆಯ ಬರಹಕ್ಕೆ ಉಳಿಗಾಲವಿಲ್ಲ. ಕಡತಕ್ಕೆ ಹೊಸ ಲೇಪ ಕೊಟ್ಟಂತೆಯೇ ಇದೂ. ಡಿಸ್ಕು ‘ಸರಿಹೋಯಿತು’ ಎಂದು ತಂತ್ರಾಂಶ ಹೇಳಿದಾಗ ಸರಿಹೋದದ್ದು ಆಧಾರವೇ ಹೊರತು ಬರಹವಲ್ಲವೆಂದು ತಿಳಿಯಬೇಕು.

5. ನಿರ್ಣಯದ ಕ್ರಮ

ಹೀಗಿರುವಲ್ಲಿ ನಿರ್ಣಯದ ಕ್ರಮವೇ ಮುಖ್ಯವಾಗುತ್ತದೆ. ಡಿಸ್ಕಿನಲ್ಲಿರುವುದಕ್ಕೆ ಬೇರೆಡೆ ಪ್ರತಿಯಿದೆಯೆ ಎಂಬುದು ಮೊದಲ ಪ್ರಶ್ನೆ. ಇಲ್ಲವಾದರೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದು; ಫಾರ್ಮ್ಯಾಟ್ ಮಾಡುವುದಾಗಲಿ, ದೋಷನಿವಾರಕ ತಂತ್ರಾಂಶಗಳನ್ನು ಓಡಿಸುವುದಾಗಲಿ ಸಲ್ಲದು. ಸದ್ದು ಮಾಡುತ್ತಿದ್ದರೆ ಕೂಡಲೇ ವಿದ್ಯುತ್ತನ್ನು ನಿಲ್ಲಿಸಿ, ಧೂಳುರಹಿತ ಕೋಣೆಯುಳ್ಳ ತಜ್ಞರಿಗೆ ಒಪ್ಪಿಸುವುದೊಂದೇ ಮಾರ್ಗ. ವಿದ್ಯುತ್ ಫಲಕವನ್ನು ಅದೇ ಮಾದರಿಯ ಇನ್ನೊಂದರಿಂದ ಬದಲಿಸಿದರಾಯಿತೆಂಬ ನಂಬಿಕೆಯೂ ಸಾಧಾರಣವಾಗಿ ಫಲಿಸುವುದಿಲ್ಲ. ಆಧುನಿಕ ಡಿಸ್ಕಿನಲ್ಲಿ ಪ್ರತಿಯೊಂದರದೇ ಹೊಂದಾಣಿಕೆಯ ವಿವರಗಳು ಫಲಕದ ಮೇಲಿನ ಚಿಪ್ಪಿನಲ್ಲಿರುತ್ತವೆ.

ಸದ್ದಿಲ್ಲದೆ ತಿರುಗುತ್ತಿದ್ದರೆ ಶಾಸನತಜ್ಞರ ಹಾದಿಯನ್ನೇ ಹಿಡಿದು ಪಡಿಯಚ್ಚನ್ನು ತೆಗೆಯಬೇಕು. ಕಡತಗಳನ್ನು ಒಂದೊಂದಾಗಿ ಆರಿಸದೆ, ಡಿಸ್ಕಿನ ಮೊದಲಿಂದ ಕೊನೆಯವರೆಗಿನ ಸೆಕ್ಟರುಗಳನ್ನು ಇದ್ದ ಹಾಗೆಯೇ ಬೇರೊಂದು ಆರೋಗ್ಯವಂತ ಡಿಸ್ಕಿಗೆ ಇಳಿಸುವುದೇ ಇದು. ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಸಂಗ್ರಹಿಸಿ, ಕಠಿನವಾದ ಎಡೆಗಳಿಗೆ ಬಳಿಕ ಮರಳುತ್ತದೆ; ಎಲ್ಲಿ ಓದಲಾಗಲಿಲ್ಲವೆಂಬುದರ ನಕ್ಷೆಯನ್ನೂ ಇಡುತ್ತದೆ. ಶಾಸನಪಾಠದಲ್ಲಿ ನಷ್ಟವಾದ ಅಕ್ಷರಗಳ ಎಡೆಯನ್ನು ಚುಕ್ಕಿಗಳಿಂದ ತೋರಿಸುವ ಪ್ರಾಮಾಣಿಕತೆಗೆ ಇದು ಸಮಾನವಾದುದು. ಸೂಚಿಯ ದುರಸ್ತಿ, ಕಳೆದ ಕಡತಗಳ ಶೋಧ ಮೊದಲಾದ ಪ್ರಯೋಗಗಳೆಲ್ಲ ಪಡಿಯಚ್ಚಿನ ಮೇಲೆ ನಡೆಯಬೇಕು, ಮೂಲದ ಮೇಲಲ್ಲ.

ಬರಹ ಸುರಕ್ಷಿತವಾದ ಮೇಲೆಯೇ ಮರುಬಳಕೆಯ ವಿಚಾರ. ಡಿಸ್ಕಿನ ಉದ್ದಕ್ಕೂ ಒಮ್ಮೆ ಬರೆದು, ಓದಿ, ‘ಸ್ಮಾರ್ಟ್’ ಲೆಕ್ಕವನ್ನು ಹೋಲಿಸಬೇಕು. ಕಾದಿದ್ದ ಸೆಕ್ಟರುಗಳು ಶೂನ್ಯಕ್ಕಿಳಿದು ಬದಲಿ ಸೆಕ್ಟರುಗಳ ಸಂಖ್ಯೆ ಏರದೆ ನಿಂತರೆ ಆ ಡಿಸ್ಕನ್ನು ಎರಡನೆಯ ಅಥವಾ ಮೂರನೆಯ ಪ್ರತಿಗಾಗಿ ಇಟ್ಟುಕೊಳ್ಳಬಹುದು. ಪರೀಕ್ಷೆಯಿಂದ ಪರೀಕ್ಷೆಗೆ ಅಂಕಿ ಏರುತ್ತಿದ್ದರೆ ಅದನ್ನು ನಿವೃತ್ತಿಗೊಳಿಸಬೇಕು. 2007ರಲ್ಲಿ ಗೂಗಲ್ ಸಂಸ್ಥೆಯ ಪಿನ್ಹೇರೊ, ವೆಬರ್, ಬರೋಸೊ ಅವರು ಒಂದು ಲಕ್ಷಕ್ಕೂ ಮಿಗಿಲಾದ ಡಿಸ್ಕುಗಳನ್ನು ಕುರಿತು ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡುಬಂದ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚೆಂದು ಅವರು ಕಂಡರು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದರಲ್ಲಿಯೂ ಮುನ್ಸೂಚನೆ ಕೊಟ್ಟಿರಲಿಲ್ಲ. ದೋಷ ಕಂಡರೆ ನಂಬಕೂಡದು. ಕಾಣದಿದ್ದರೂ ಒಂದೇ ಡಿಸ್ಕನ್ನು ನೆಚ್ಚಕೂಡದು ಎಂಬುದೇ ಇದರ ಸಾರಾಂಶ.

ನಿವೃತ್ತವಾದ ಡಿಸ್ಕಿಗೂ ಒಂದು ಕರ್ತವ್ಯ ಉಳಿದಿರುತ್ತದೆ. ಕಡತವನ್ನು ಅಳಿಸಿದೆವೆಂದು ನಾವು ಭಾವಿಸಿದಾಗ ಸಾಮಾನ್ಯವಾಗಿ ಸೂಚಿಯಿಂದ ಹೆಸರಷ್ಟೇ ಹೋಗಿರುತ್ತದೆ. ಬರಹ ತಟ್ಟೆಯ ಮೇಲೆ ಉಳಿದಿರುವುದು ಸಂಭವ. ಜನರ ಹೆಸರು, ಜಮೀನು, ಸಾಲಗಳ ವಿವರವಿದ್ದ ಡಿಸ್ಕನ್ನು ಪೂರ್ತಿಯಾಗಿ ಬರೆದು ಮುಚ್ಚದೆ, ಅಥವಾ ತಟ್ಟೆಗಳನ್ನು ನಾಶಪಡಿಸದೆ ಗುಜರಿಗೆ ಹಾಕುವುದು ವಿಶ್ವಾಸದ್ರೋಹವೆನಿಸುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಮೇರೆಗೆ ನೋಂದಾಯಿತ ಸಂಸ್ಕರಣಕಾರರಿಗೆ ಅದನ್ನು ತಲಪಿಸುವುದು ಯುಕ್ತ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಆಧಾರವಸ್ತುವನ್ನು ದುರಸ್ತಿಗೊಳಿಸುವ ಕ್ರಿಯೆ ಹಲವು ವೇಳೆ ಬರಹಕ್ಕೆ ಮಾರಕವಾಗುತ್ತದೆ. ಉಳಿಯಿಂದ ತಿದ್ದಿದ ಶಿಲೆ, ಲೇಪ ಪಡೆದ ಕಡತ, ‘ಸರಿಪಡಿಸಿದ’ ಡಿಸ್ಕು ಮೂರಕ್ಕೂ ಈ ಮಾತು ಅನ್ವಯಿಸುತ್ತದೆ. ಎರಡನೆಯದಾಗಿ, ಈ ಸೀಮೆಯಲ್ಲಿ ಉಳಿದುಬಂದ ಬರಹಗಳಲ್ಲಿ ಅನೇಕವು ಗಟ್ಟಿಯಾದ ಆಧಾರದಿಂದಲ್ಲ, ಸಕಾಲದಲ್ಲಿ ಆದ ಪ್ರತಿಯಿಂದ ಉಳಿದಿವೆ. ಹಾರ್ಡ್ ಡಿಸ್ಕಿನ ಬೆಲೆ ಅಂಗಡಿಯಲ್ಲಿ ಗೊತ್ತಾಗುತ್ತದೆ. ಅದರೊಳಗಿನ ಮುಳುಗಡೆ ಊರಿನ ಒಂದು ಛಾಯಾಚಿತ್ರಕ್ಕೆ, ಈಗ ಇಲ್ಲದ ಹಾಡುಗಾರ್ತಿಯ ಒಂದು ಧ್ವನಿಗೆ ಅಂಗಡಿಯಲ್ಲಿ ಬದಲಿಯಿಲ್ಲ. ಕಾಲೇಜುಗಳ ಇತಿಹಾಸ ವಿಭಾಗಗಳು ತಮ್ಮ ಕ್ಷೇತ್ರಕಾರ್ಯದ ಸಾಮಗ್ರಿಗೆ ಕನಿಷ್ಠ ಮೂರು ಪ್ರತಿಗಳನ್ನು, ಅವುಗಳಲ್ಲಿ ಒಂದನ್ನು ಬೇರೆ ಊರಿನಲ್ಲಿ, ಇಡುವ ನಿಯಮವನ್ನು ಕೈಗೊಂಡು, ವರ್ಷಕ್ಕೊಮ್ಮೆಯಾದರೂ ಅವನ್ನು ತೆರೆದು ಓದಿ ನೋಡುವುದಾದರೆ, ಡಿಸ್ಕನ್ನು ದುರಸ್ತಿ ಮಾಡಬಹುದೆ ಎಂಬ ಪ್ರಶ್ನೆ ನಿಜಕ್ಕೂ ಯಂತ್ರಜ್ಞರದ್ದಾಗಿ ಉಳಿಯುತ್ತದೆ.